ಅರಿತವರ ಹೊಣೆ

ಒಂದು ಕಾರ್ಯದ ಪಾಪಪುಣ್ಯಗಳಲ್ಲಿ ಯಾರು ಯಾರಿಗೆ ಪಾಲುಂಟೆಂಬ ವಿಚಾರವನ್ನು ನಮ್ಮ ಹಿರಿಯರು ಸೂಕ್ಷ್ಮವಾಗಿ ಆಲೋಚಿಸಿದ್ದರು. ಮಾಡಿದವನು, ಮಾಡಿಸಿದವನು, ಪ್ರೇರಿಸಿದವನು, ಅನುಮೋದಿಸಿದವನು, ಈ ನಾಲ್ವರೂ ಸಮಭಾಗಿಗಳೆಂಬ ಮಾತನ್ನು ಕೇಳದ ಮನೆಯಿಲ್ಲ. ಆದರೆ ಈ ಪಂಕ್ತಿಯಲ್ಲಿ ಒಬ್ಬನಿಗೆ ಎಲೆ ಹಾಕಿಲ್ಲ. ಕಾರ್ಯವನ್ನು ತಾನು ಮಾಡದೆ, ಮಾಡಿಸದೆ, ಬಯಸದೆ, ಒಪ್ಪದೆ, ಅದು ಸಾಧ್ಯವೆಂಬುದನ್ನು ಮಾತ್ರ ಎಲ್ಲರಿಗಿಂತ ಮೊದಲು ಅರಿತವನು ಎಲ್ಲಿ ಕುಳಿತುಕೊಳ್ಳಬೇಕು? ಹಿಂದಿನ ಕಾಲದಲ್ಲಿ ಈ ಪ್ರಶ್ನೆಗೆ ಅವಸರವಿರಲಿಲ್ಲ. ಅರಿವಿಗೂ ಅದರ ಪ್ರಯೋಗಕ್ಕೂ ನಡುವೆ ತಲೆಮಾರುಗಳು ಕಳೆಯುತ್ತಿದ್ದುವು; ಅರಿತವನು ಬೂದಿಯಾದ ಎಷ್ಟೋ ಕಾಲದ ಮೇಲೆ ಅವನ ಅರಿವು ಲೋಕದಲ್ಲಿ ಕೈಕಾಲು ಪಡೆಯುತ್ತಿದ್ದಿತು. ಇಪ್ಪತ್ತನೆಯ ಶತಮಾನದಲ್ಲಿ ಆ ಅಂತರವು ಕುಗ್ಗಿತು. ಯುರೇನಿಯಮ್ ಪರಮಾಣುವಿನ ಬೀಜವು ಎರಡಾಗಿ ಸೀಳಬಲ್ಲದೆಂದು ತಿಳಿದದ್ದು 1938ರ ಡಿಸೆಂಬರಿನಲ್ಲಿ. ಹಿರೋಷಿಮಾ ನಗರವು ಸುಟ್ಟುಹೋದದ್ದು 1945ರ ಆಗಸ್ಟ್ 6ರಂದು. ನಡುವೆ ಏಳು ವರ್ಷಗಳೂ ತುಂಬಿರಲಿಲ್ಲ. ಅರಿತವರೆಲ್ಲರೂ ಬದುಕಿದ್ದರು, ಸುದ್ದಿಯನ್ನು ತಮ್ಮ ಕಿವಿಯಿಂದಲೇ ಕೇಳಿದರು.

ಅವರಲ್ಲಿ ಒಬ್ಬರು ಲೀಸೆ ಮೈಟ್ನರ್. ಈಕೆಯ ವಿಷಯದಲ್ಲಿ ಲೋಕವು ಎರಡು ತೀರ್ಪುಗಳನ್ನು ಕೊಟ್ಟಿತು. ಆ ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಮೂರನೆಯ ತೀರ್ಪೊಂದನ್ನು ಆಕೆ ತಮ್ಮ ಮೇಲೆ ತಾವೇ ಕೊಟ್ಟುಕೊಂಡರು. ಅದು ಆ ಎರಡಕ್ಕಿಂತಲೂ ಕಠಿಣವಾದುದು, ಮತ್ತು ಬೇರೆಯೇ ಒಂದು ಅಪರಾಧಕ್ಕೆ ಸಂಬಂಧಪಟ್ಟುದು.

ಮೈಟ್ನರ್ ಹುಟ್ಟಿದ್ದು 1878ರಲ್ಲಿ, ಆಸ್ಟ್ರಿಯ ದೇಶದ ವಿಯೆನ್ನಾ ನಗರದಲ್ಲಿ. ಯೆಹೂದ್ಯ ವಂಶದ ವಕೀಲರೊಬ್ಬರ ಎಂಟು ಮಕ್ಕಳಲ್ಲಿ ಮೂರನೆಯವರಾಗಿ. ಆ ಕಾಲದಲ್ಲಿ ಅಲ್ಲಿ ಹೆಣ್ಣುಮಕ್ಕಳ ಶಾಲೆ ಹದಿನಾಲ್ಕನೆಯ ವಯಸ್ಸಿಗೆ ಮುಗಿಯುತ್ತಿದ್ದಿತು. ವಿಶ್ವವಿದ್ಯಾನಿಲಯದ ಬಾಗಿಲು ಹೆಂಗಸರಿಗೆ ತೆರೆದದ್ದು 1897ರಲ್ಲಿ. ಹಲವು ವರ್ಷಗಳ ಪಾಠವನ್ನು ಕೆಲವೇ ವರ್ಷಗಳಲ್ಲಿ ಮನೆಯಲ್ಲಿಯೇ ಓದಿ, ಪ್ರವೇಶ ಪರೀಕ್ಷೆಯನ್ನು ದಾಟಿ, ಬೋಲ್ಟ್ಸ್‌ಮನ್ ಎಂಬ ಮಹಾಗುರುವಿನ ಬಳಿ ಭೌತಶಾಸ್ತ್ರವನ್ನು ಕಲಿತು, ಆಕೆ 1906ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಮರುವರ್ಷ ಬರ್ಲಿನ್ನಿಗೆ ಹೋದರು. ಅಲ್ಲಿ ಮಾಕ್ಸ್ ಪ್ಲಾಂಕ್ ಇದ್ದರು. ಹೆಂಗಸರಿಗೆ ಉನ್ನತ ವಿದ್ಯೆಯು ಅಪವಾದವಾಗಿ ಮಾತ್ರ ಸಲ್ಲುವುದೆಂದು ಹತ್ತು ವರ್ಷಗಳ ಹಿಂದೆ ಅಭಿಪ್ರಾಯ ಬರೆದವರು ಅದೇ ಪ್ಲಾಂಕ್. ಆ ಅಪವಾದವು ಎದುರಿಗೆ ಬಂದು ನಿಂತಾಗ ಅದನ್ನು ಗುರುತಿಸುವ ದೊಡ್ಡತನ ಅವರಲ್ಲಿದ್ದಿತು. ಮುಂದೆ 1912ರಲ್ಲಿ ಆಕೆಯನ್ನು ತಮ್ಮ ಸಹಾಯಕಿಯನ್ನಾಗಿ ನೇಮಿಸಿಕೊಂಡರು.

ಬರ್ಲಿನ್ನಿನಲ್ಲಿ ಒಟ್ಟೊ ಹಾನ್ ಎಂಬ ರಸಾಯನಶಾಸ್ತ್ರಜ್ಞರೊಡನೆ ಮೈಟ್ನರ್ ಕೆಲಸಕ್ಕೆ ತೊಡಗಿದರು. ಆದರೆ ಆ ರಸಾಯನಶಾಲೆಯೊಳಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಕೊನೆಗೆ ಆದ ಏರ್ಪಾಡು ಇದು: ನೆಲಮಾಳಿಗೆಯಲ್ಲಿ ಹಿಂದೆ ಬಡಗಿಯ ಕೆಲಸಕ್ಕಿದ್ದ ಒಂದು ಕೊಠಡಿಯಲ್ಲಿ ಆಕೆ ಕೆಲಸ ಮಾಡಬಹುದು, ಅದಕ್ಕೆ ಹೊರಗಿನಿಂದಲೇ ಬಾಗಿಲುಂಟು, ಮೇಲಿನ ಅಂತಸ್ತುಗಳಿಗೆ ಹೆಜ್ಜೆಯಿಡಕೂಡದು. ಮಡಿ ಮೈಲಿಗೆಯ ಲೆಕ್ಕಾಚಾರವು ಒಂದು ದೇಶದ ಸೊತ್ತಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಪ್ರಷ್ಯದ ವಿಶ್ವವಿದ್ಯಾನಿಲಯಗಳು ಹೆಂಗಸರನ್ನು ಸೇರಿಸಿಕೊಳ್ಳತೊಡಗಿದ ಮೇಲೆ ಆ ನಿಷೇಧ ಹೋಯಿತು. ವರ್ಷಗಟ್ಟಲೆ ಸಂಬಳವಿಲ್ಲದೆ ದುಡಿದ ಆಕೆ ಡಾಲೆಮ್‌ನ ಕೈಸರ್ ವಿಲ್ಹೆಲ್ಮ್ ರಸಾಯನ ಸಂಸ್ಥೆಯಲ್ಲಿ ಭೌತಶಾಸ್ತ್ರದ ವಿಭಾಗವನ್ನು ಕಟ್ಟಿ ಅದರ ಮುಖ್ಯಸ್ಥೆಯಾದರು; ಹಾನ್‌ರೊಡನೆ ಪ್ರೊಟಾಕ್ಟಿನಿಯಮ್ ಎಂಬ ಮೂಲವಸ್ತುವನ್ನು ಕಂಡುಹಿಡಿದರು; 1926ರಲ್ಲಿ ಜರ್ಮನಿಯಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕ ಪದವಿಗೆ ಏರಿದ ಮೊದಲನೆಯ ಮಹಿಳೆಯಾದರು. 1922ರಲ್ಲಿ ಆಕೆ ಮಾಡಿದ ಉಪನ್ಯಾಸದ ವಿಷಯವು ವಿಕಿರಣಶೀಲತೆಗೂ ವಿಶ್ವಪ್ರಕ್ರಿಯೆಗಳಿಗೂ ಇರುವ ಸಂಬಂಧ. ಪತ್ರಿಕೆಯಲ್ಲಿ 'ಕಾಸ್ಮಿಕ್' ಎಂಬ ಮಾತು 'ಕಾಸ್ಮೆಟಿಕ್' ಎಂದು ಅಚ್ಚಾಯಿತು. ಹೆಂಗಸು ವಿಶ್ವವನ್ನು ಕುರಿತು ಮಾತನಾಡುವಳೆಂಬುದಕ್ಕಿಂತ ಅಂಗರಾಗವನ್ನು ಕುರಿತು ಮಾತನಾಡುವಳೆಂಬುದೇ ಯಾರಿಗೋ ಸಹಜವಾಗಿ ತೋರಿದ್ದಿರಬೇಕು.

ಇನ್ನು ಮುಖ್ಯ ವಿಷಯ. 1934ರಲ್ಲಿ ರೋಮ್ ನಗರದಲ್ಲಿ ಫೆರ್ಮಿ ಎಂಬವರು ಯುರೇನಿಯಮ್ಮಿಗೆ ನ್ಯೂಟ್ರಾನ್ ಕಣಗಳನ್ನು ತಾಕಿಸಿದಾಗ ಹಲವು ಹೊಸ ವಿಕಿರಣಶೀಲ ವಸ್ತುಗಳು ತೋರಿಬಂದುವು. ಅವು ಯುರೇನಿಯಮ್ಮಿಗಿಂತ ಭಾರವಾದ ಹೊಸ ಮೂಲವಸ್ತುಗಳಾಗಿರಬೇಕೆಂದು ಪ್ರಾಯಶಃ ಎಲ್ಲರೂ ನಂಬಿದರು. ಬೀಜವು ದೊಡ್ಡ ತುಂಡುಗಳಾಗಿ ಒಡೆದಿರಲೂಬಹುದೆಂದು ಇಡಾ ನೊಡಾಕ್ ಎಂಬ ಮತ್ತೊಬ್ಬ ವಿದುಷಿ ಅದೇ ವರ್ಷ ಬರೆದರು. ಅದನ್ನು ಯಾರೂ ಲಕ್ಷಿಸಲಿಲ್ಲ, ಮೈಟ್ನರ್ ಸಹ ಲಕ್ಷಿಸಲಿಲ್ಲ. ಈ ವಸ್ತುಗಳ ಗೂಢವನ್ನು ಬಿಡಿಸಬೇಕೆಂದು ಹಾನ್‌ರನ್ನು ಒತ್ತಾಯಿಸಿ ಮತ್ತೆ ಜೊತೆಗೂಡಿಸಿದವರು ಮೈಟ್ನರ್. ಫ್ರಿಟ್ಸ್ ಸ್ಟ್ರಾಸ್‌ಮನ್ ಎಂಬ ತರುಣ ರಸಾಯನಜ್ಞರು ಮೂರನೆಯವರಾಗಿ ಸೇರಿದರು. ಕೆಲಸವು ನಾಲ್ಕು ವರ್ಷ ನಡೆಯಿತು.

ಅಷ್ಟರಲ್ಲಿ ಜರ್ಮನಿಯ ಆಕಾಶವು ಕಪ್ಪಾಗಿದ್ದಿತು. 1933ರಲ್ಲಿ ಹಿಟ್ಲರನ ಆಳ್ವಿಕೆ ಬಂದೊಡನೆ, ಯೆಹೂದ್ಯ ವಂಶದವರೆಂಬ ಕಾರಣದಿಂದ ಮೈಟ್ನರ್‌ಗೆ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುವ ಅಧಿಕಾರವು ತಪ್ಪಿತು. ಸಂಸ್ಥೆಯ ಕೆಲಸ ಮಾತ್ರ ಉಳಿಯಿತು, ಏಕೆಂದರೆ ಆಕೆ ಆಸ್ಟ್ರಿಯದ ಪ್ರಜೆ. 1938ರ ಮಾರ್ಚಿಯಲ್ಲಿ ಆಸ್ಟ್ರಿಯವನ್ನೇ ಜರ್ಮನಿ ನುಂಗಿಕೊಂಡಿತು. ಆ ಆಶ್ರಯವೂ ಹೋಯಿತು. ರಹದಾರಿ ನಿರರ್ಥಕವಾಯಿತು. ಜುಲೈ 13ರಂದು, ಡರ್ಕ್ ಕೋಸ್ಟರ್ ಎಂಬ ಡಚ್ ವಿಜ್ಞಾನಿಯ ಜೊತೆಯಲ್ಲಿ, ಆಕೆ ರೈಲಿನಲ್ಲಿ ಗಡಿಯನ್ನು ದಾಟಿದರು. ವಯಸ್ಸು ಐವತ್ತೊಂಬತ್ತು, ಬರ್ಲಿನ್ನಿನಲ್ಲಿ ಕಳೆದದ್ದು ಮೂವತ್ತೊಂದು ವರ್ಷ, ಚೀಲದಲ್ಲಿದ್ದುದು ಹತ್ತು ಮಾರ್ಕು. ದಾರಿಯಲ್ಲಿ ಕಾವಲಿನವರಿಗೆ ಕೊಡಬೇಕಾಗಿ ಬಂದೀತೆಂದು ಹಾನ್ ತಮ್ಮ ತಾಯಿಯ ವಜ್ರದುಂಗುರವನ್ನು ಆಕೆಯ ಕೈಗೆ ಕೊಟ್ಟಿದ್ದರು. ಮುಂದಿನದನ್ನು ಓದುವಾಗ ವಾಚಕರು ಈ ಉಂಗುರವನ್ನು ಮರೆಯಬಾರದು.

ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಆಕೆಗೆ ನೆಲೆ ದೊರೆಯಿತೇ ಹೊರತು ಕೆಲಸಕ್ಕೆ ತಕ್ಕ ಸಲಕರಣೆಗಳು ದೊರೆಯಲಿಲ್ಲ. ಕಾಗದಗಳ ಮೂಲಕ ಬರ್ಲಿನ್ನಿನ ಕೆಲಸದಲ್ಲಿ ಪಾಲುಗೊಂಡಿದ್ದರು. ನವೆಂಬರಿನಲ್ಲಿ ಹಾನ್ ಅವರನ್ನು ಕೋಪನ್‌ಹೇಗನ್ನಿನಲ್ಲಿ ಗುಟ್ಟಾಗಿ ಭೇಟಿಯಾದರು. ಯುರೇನಿಯಮ್ಮಿನಿಂದ ರೇಡಿಯಮ್ ಹುಟ್ಟುವಂತೆ ತೋರುತ್ತಿದೆಯೆಂದು ಹಾನ್ ಹೇಳಿದಾಗ, ಭೌತಶಾಸ್ತ್ರದ ದೃಷ್ಟಿಯಿಂದ ಅದು ಒಪ್ಪತಕ್ಕದ್ದಲ್ಲ, ಮತ್ತೊಮ್ಮೆ ಪರೀಕ್ಷಿಸಬೇಕು ಎಂದು ಆಕೆ ಹಟ ಹಿಡಿದರು. ಹಾನ್ ಮತ್ತು ಸ್ಟ್ರಾಸ್‌ಮನ್ ಪರೀಕ್ಷಿಸಿದರು. ಸಿಕ್ಕಿದ್ದು ರೇಡಿಯಮ್ ಅಲ್ಲ. ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತೂಕದ ಬೇರಿಯಮ್. ಡಿಸೆಂಬರ್ 19ರಂದು ಹಾನ್ ಈ ವಿಚಿತ್ರವನ್ನು ಆಕೆಗೆ ಬರೆದು, ಇದಕ್ಕೆ ಏನಾದರೂ ವಿವರಣೆಯುಂಟೆ ಎಂದು ಕೇಳಿದರು.

ಕಾಗದವು ಆಕೆಯ ಕೈಯಲ್ಲಿದ್ದಾಗ ಕ್ರಿಸ್‌ಮಸ್ ಹಬ್ಬದ ರಜೆ. ಕುಂಗೆಲ್ವ್ ಎಂಬ ಚಿಕ್ಕ ಊರಿಗೆ ಆಕೆಯ ಅಕ್ಕನ ಮಗ ಒಟ್ಟೊ ಫ್ರಿಷ್, ಆತನೂ ಭೌತಶಾಸ್ತ್ರಜ್ಞನೇ, ಬಂದಿದ್ದನು. ಚಿಕ್ಕಮ್ಮನೂ ಮಗನೂ ಹಿಮದಲ್ಲಿ ತಿರುಗಾಡುತ್ತ ಹೋಗಿ, ಒಂದು ಮರದ ದಿಂಡಿನ ಮೇಲೆ ಕುಳಿತು, ಕಾಗದದ ಚೂರುಗಳ ಮೇಲೆ ಲೆಕ್ಕ ಹಾಕಿದರು. ಪರಮಾಣುವಿನ ಬೀಜವು ಗಟ್ಟಿಯಾದ ಗುಂಡಲ್ಲ, ನೀರಿನ ಹನಿಯಂಥದು. ಹನಿಯನ್ನು ಕೂಡಿಸಿ ಹಿಡಿಯುವುದು ಅದರ ಮೇಲ್ಮೈಯ ಎಳೆತ. ಆದರೆ ಯುರೇನಿಯಮ್ಮಿನ ಬೀಜದಲ್ಲಿ 92 ಧನವಿದ್ಯುತ್ಕಣಗಳು ಒಂದನ್ನೊಂದು ದೂಡುತ್ತಿರುವುದರಿಂದ ಆ ಎಳೆತವು ಹೆಚ್ಚು ಕಡಮೆ ಸೋತೇ ಇದೆ. ಒಂದು ನ್ಯೂಟ್ರಾನ್ ಬಂದು ತಾಕಿದರೆ ಹನಿ ತೊನೆದಾಡಿ, ನಡುವೆ ಸಣ್ಣಗಾಗಿ, ಎರಡಾಗುತ್ತದೆ. ಬೇರಿಯಮ್ಮಿನ ಸಂಖ್ಯೆ 56. ಉಳಿದ 36 ಕ್ರಿಪ್ಟಾನಿನದು. ಲೆಕ್ಕವು ಕೂಡಿತು. ಎರಡು ತುಂಡುಗಳನ್ನು ಸೇರಿಸಿ ತೂಗಿದರೆ ಒಂದು ಪ್ರೋಟಾನಿನ ಐದನೆಯ ಒಂದು ಭಾಗದಷ್ಟು ದ್ರವ್ಯವು ಕಡಮೆ ಬೀಳುತ್ತದೆ. ಆ ದ್ರವ್ಯವು ಹೋದದ್ದೆಲ್ಲಿಗೆ? ಐನ್‌ಸ್ಟೈನ್ ಹೇಳಿದಂತೆ ಶಕ್ತಿಯಾಗಿ. ಒಂದೊಂದು ಬೀಜಕ್ಕೆ ಸುಮಾರು 20 ಕೋಟಿ ಎಲೆಕ್ಟ್ರಾನ್ ವೋಲ್ಟು. ಐನ್‌ಸ್ಟೈನರ ಆ ಸೂತ್ರವನ್ನು ಅವರ ಬಾಯಿಂದಲೇ 1909ರಲ್ಲಿ ಸಾಲ್ಸ್‌ಬುರ್ಗಿನಲ್ಲಿ ಕೇಳಿದ ನೆನಪು ಮೈಟ್ನರ್‌ಗೆ ಇದ್ದಿತು. ಈ ಸೀಳುವಿಕೆಗೆ ಚಿಕ್ಕಮ್ಮ ಮಗ ಇಬ್ಬರೂ ಜೀವಶಾಸ್ತ್ರದಿಂದ 'ವಿದಳನ' ಎಂಬ ಹೆಸರನ್ನು ಎರವಲು ತಂದು 1939ರ ಫೆಬ್ರವರಿಯಲ್ಲಿ ಪ್ರಕಟಿಸಿದರು.

ಈಗ ಕೇಳಬಹುದು: ವಿದಳನವನ್ನು ಕಂಡುಹಿಡಿದವರು ಯಾರು? ಬೇರಿಯಮ್ಮನ್ನು ಕಂಡವರು ಹಾನ್ ಮತ್ತು ಸ್ಟ್ರಾಸ್‌ಮನ್. ತಾವು ಕಂಡದ್ದನ್ನು ತಾವೇ ಪೂರ್ತಿಯಾಗಿ ನಂಬಲಾರದೆ, ಭೌತಶಾಸ್ತ್ರದ ಅನುಭವಕ್ಕೆಲ್ಲ ಇದು ವಿರುದ್ಧವಾಗಿದೆಯೆಂದು ಅಂಜುತ್ತ ಬರೆದವರೂ ಅವರೇ. ಕಂಡದ್ದು ಏನೆಂದು ಅರಿತವರು ಮೈಟ್ನರ್ ಮತ್ತು ಫ್ರಿಷ್. ಹಗ್ಗವೋ ಹಾವೋ ಎಂದು ತಿಳಿಯದವನಿಗೆ ಕಣ್ಣಿಗೆ ಬಿದ್ದುದು ಹಾವೆಂದು ಹೇಳಿದವನ ಪಾಲು ಇಲ್ಲವೆನ್ನುವುದು ಯಾವ ನ್ಯಾಯ? ಆದರೆ 1944ನೆಯ ವರ್ಷದ ರಸಾಯನಶಾಸ್ತ್ರದ ನೊಬೆಲ್ ಬಹುಮಾನವನ್ನು 1945ರ ನವೆಂಬರಿನಲ್ಲಿ ಹಾನ್ ಒಬ್ಬರಿಗೇ ಕೊಟ್ಟರು. ಮೈಟ್ನರ್ ಹೆಸರನ್ನು ಬೇರೆ ಬೇರೆಯವರು ನಲವತ್ತಕ್ಕಿಂತ ಹೆಚ್ಚು ಬಾರಿ ಸೂಚಿಸಿದ್ದರೂ ಆ ಬಹುಮಾನವು ಆಕೆಗೆ ಎಂದೂ ಬರಲಿಲ್ಲ. ಮ್ಯೂನಿಕ್ಕಿನ ವಸ್ತುಸಂಗ್ರಹಾಲಯದಲ್ಲಿ ಆ ಪ್ರಯೋಗದ ಸಲಕರಣೆಗಳನ್ನು ಒಂದು ಮೇಜಿನ ಮೇಲೆ ಜೋಡಿಸಿ ದಶಕಗಳ ಕಾಲ ಹಾನ್‌ರ ಮೇಜೆಂದೇ ತೋರಿಸಿದರು.

ಇದು ಲೋಕದ ಮೊದಲನೆಯ ತೀರ್ಪು: ಕೀರ್ತಿಯಲ್ಲಿ ಆಕೆಗೆ ಪಾಲಿಲ್ಲ. ಎರಡನೆಯ ತೀರ್ಪು ಅದಕ್ಕಿಂತ ಮೂರು ತಿಂಗಳು ಮೊದಲೇ ಆಗಿದ್ದಿತು. ಬಾಂಬು ಬಿದ್ದ ಸುದ್ದಿಯೊಡನೆ ಅಮೆರಿಕದ ಪತ್ರಿಕೆಗಳು ಆಕೆಯನ್ನು ಹುಡುಕಿಕೊಂಡು ಬಂದುವು. ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಯೆಹೂದ್ಯ ಮಹಿಳೆ ಬಾಂಬಿನ ಗುಟ್ಟನ್ನು ಹೊತ್ತು ತಂದಳೆಂದು ಕಥೆ ಕಟ್ಟಿದುವು; ಆಕೆಯನ್ನು ಬಾಂಬಿನ ತಾಯಿ ಎಂದವರೂ ಉಂಟು. ಕಂಡುಹಿಡಿದ ಕೀರ್ತಿಯನ್ನು ಹಂಚುವಾಗ ಕಾಣದೆ ಹೋದ ಹೆಂಗಸು ಕೊಂದ ಹೊಣೆಯನ್ನು ಹಂಚುವಾಗ ಎಲ್ಲರಿಗಿಂತ ಮುಂದೆ ಕಾಣಿಸಿದಳು. ಬಾಂಬಿನ ಕಥೆಯನ್ನು ಚಲಚ್ಚಿತ್ರವಾಗಿ ತೆಗೆಯಹೊರಟವರಿಗೆ ತಮ್ಮ ಪಾತ್ರವನ್ನು ತೋರಿಸಲು ಆಕೆ ಒಪ್ಪಿಗೆ ಕೊಡಲಿಲ್ಲ.

ವಾಸ್ತವ ಸಂಗತಿ ಬೇರೆ. 1943ರಲ್ಲಿ ಬಾಂಬಿನ ಕೆಲಸಕ್ಕಾಗಿ ಅಮೆರಿಕಕ್ಕೆ ಹೋಗುತ್ತಿದ್ದ ಬ್ರಿಟಿಷ್ ವಿಜ್ಞಾನಿಗಳೊಡನೆ ಸೇರಬೇಕೆಂದು ಆಕೆಗೆ ಕರೆ ಬಂದಿದ್ದಿತು. ಸ್ಟಾಕ್‌ಹೋಮಿನಲ್ಲಿ ಆಕೆಯದು ಅನಾದರದ ಬಾಳು. ಹೋದರೆ ಸಮಾನರಾದ ಜೊತೆಗಾರರು, ಹಳೆಯ ಮಿತ್ರರು, ಬೇಕಾದ ಸಲಕರಣೆಗಳು ಎಲ್ಲವೂ ದೊರೆಯುತ್ತಿದ್ದುವು. ಹಿಟ್ಲರನನ್ನು ದ್ವೇಷಿಸಲು ಆಕೆಗಿಂತ ಹೆಚ್ಚಿನ ಕಾರಣ ಯಾರಿಗಿದ್ದಿತು? ಆದರೂ, ಬಾಂಬಿಗೂ ತಮಗೂ ಯಾವ ಸಂಬಂಧವೂ ಬೇಡವೆಂದು ಹೇಳಿಬಿಟ್ಟರು. ಅಂತೂ ಹಿರಿಯರು ಹೇಳಿದ ನಾಲ್ವರಲ್ಲಿ ಆಕೆ ಒಬ್ಬರೂ ಅಲ್ಲ: ಮಾಡಲಿಲ್ಲ, ಮಾಡಿಸಲಿಲ್ಲ, ಪ್ರೇರಿಸಲಿಲ್ಲ, ಅನುಮೋದಿಸಲಿಲ್ಲ.

ಇಷ್ಟಕ್ಕೆ ಆಕೆ ನಿರ್ದೋಷಿಯೆಂದು ಮುಗಿಸಿಬಿಡುವುದು ಸುಲಭ. ಕತ್ತಿಯನ್ನು ಕಮ್ಮಾರ ಮಾಡುತ್ತಾನೆ, ಕೊಲೆಯನ್ನು ಕೊಲೆಗಾರ ಮಾಡುತ್ತಾನೆ ಎಂಬ ಹಳೆಯ ವಾದವೂ ಸಿದ್ಧವಾಗಿದೆ. ಆದರೆ ಆ ವಾದವು ಇಲ್ಲಿ ಅಷ್ಟಾಗಿ ಒಗ್ಗುವುದಿಲ್ಲ. ಕಮ್ಮಾರನಿಗೆ ಕತ್ತಿ ಏತಕ್ಕೆಂದು ಮೊದಲೇ ಗೊತ್ತು; ಹಿಮದಲ್ಲಿ ಕುಳಿತ ಇಬ್ಬರಿಗೆ ತಾವು ಬಿಡಿಸುತ್ತಿರುವುದು ಒಂದು ಒಗಟೆಂದು ಮಾತ್ರ ಗೊತ್ತಿದ್ದಿತು. ನಿರಾಕರಣೆಯ ಬೆಲೆಯನ್ನು ಸಹ ಫಲದಿಂದ ಅಳೆಯಲಾಗದು. ಆಕೆ ಹೋಗದಿದ್ದುದರಿಂದ ಬಾಂಬು ಒಂದು ದಿನವೂ ತಡವಾಯಿತೆನ್ನಲು ಆಧಾರವಿಲ್ಲ. ಅದೇ ದಿಂಡಿನ ಮೇಲೆ ಜೊತೆಗೆ ಕುಳಿತಿದ್ದ ಫ್ರಿಷ್, ಅಂಥ ಬಾಂಬು ಹಿಟ್ಲರನಿಗೆ ಮೊದಲು ಸಿಕ್ಕರೆ ಗತಿಯೇನೆಂಬ ಭಯದಿಂದ, ಪೈಯರ್ಲ್ಸ್ ಎಂಬವರೊಡನೆ ಕೂಡಿ 1940ರಲ್ಲಿ ಬ್ರಿಟಿಷ್ ಸರ್ಕಾರಕ್ಕೆ ಬಾಂಬು ಸಾಧ್ಯವೆಂಬ ಮನವಿಪತ್ರವನ್ನು ಬರೆದನು. ಮುಂದೆ ಲಾಸ್ ಅಲಮಾಸಿಗೂ ಹೋದನು. ಒಂದೇ ಮನೆತನ, ಒಂದೇ ಅರಿವು, ಒಂದೇ ಶತ್ರು, ನಿರ್ಧಾರಗಳು ಎರಡು. ಆ ಕಾಲದ ಭಯವನ್ನು ನೆನೆದರೆ ಮಗನನ್ನು ತೆಗಳುವುದು ಸಾಧ್ಯವಿಲ್ಲ. ಹಾಗೆಂದು ಚಿಕ್ಕಮ್ಮನ ನಿರಾಕರಣೆಯನ್ನು ಬರಿಯ ಭಾವುಕತೆಯೆಂದು ತಳ್ಳಿಹಾಕುವುದೂ ಸಾಧ್ಯವಿಲ್ಲ. ಅರಿವು ಕಾರ್ಯವನ್ನು ಸಾಧ್ಯವಾಗಿಸಿತೇ ಹೊರತು ಯಾವ ಕಾರ್ಯವೆಂದು ವಿಧಿಸಲಿಲ್ಲವೆಂಬುದಕ್ಕೆ ಇವರಿಬ್ಬರೇ ಸಾಕ್ಷಿ.

ಹೊಣೆಯ ಪ್ರಶ್ನೆಯು ನಿಜವಾಗಿ ಆಳಕ್ಕಿಳಿಯುವುದು ಹಾನ್ ಮತ್ತು ಮೈಟ್ನರ್ ಇಬ್ಬರನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿದಾಗ. 1945ರ ಆಗಸ್ಟಿನಲ್ಲಿ ಹಾನ್, ಸೆರೆಸಿಕ್ಕ ಇತರ ಒಂಬತ್ತು ಮಂದಿ ಜರ್ಮನ್ ವಿಜ್ಞಾನಿಗಳೊಡನೆ, ಇಂಗ್ಲೆಂಡಿನ ಫಾರ್ಮ್ ಹಾಲ್ ಎಂಬ ಮನೆಯಲ್ಲಿದ್ದರು. ಹಿರೋಷಿಮಾದ ಸುದ್ದಿಯನ್ನು ಕೇಳಿ ಅವರು ಕುಸಿದುಹೋದರು. ಅಷ್ಟು ಜನರ ಸಾವಿಗೆ ತಾವೇ ಹೊಣೆಯೆಂದು ಹಲುಬಿದರು. ತಮ್ಮ ಶೋಧದಿಂದ ಆಗಬಹುದಾದುದನ್ನು ಮೊದಲು ಊಹಿಸಿದಾಗಲೇ ಪ್ರಾಣ ಕಳೆದುಕೊಳ್ಳುವ ಯೋಚನೆ ಬಂದಿತ್ತೆಂದರು. ಅದು ಕಪಟವಲ್ಲ, ಮುಂದೆ ಅವರು ಪರಮಾಣು ಅಸ್ತ್ರಗಳ ವಿರುದ್ಧ ಬಹಿರಂಗವಾಗಿ ಹೋರಾಡಿದರು. ಮೈಟ್ನರ್ ಅದೇ ಸುದ್ದಿಯನ್ನು ಸ್ವೀಡನ್ನಿನ ಒಂದು ಹಳ್ಳಿಯಲ್ಲಿ ಕೇಳಿ, ಮನೆಯಿಂದ ಹೊರಟು, ಗಂಟೆಗಟ್ಟಲೆ ಒಬ್ಬರೇ ನಡೆದರು. ದುಃಖಪಟ್ಟರು, ಆದರೆ ವಿದಳನವನ್ನು ಅರಿತದ್ದಕ್ಕಾಗಿ ತಮ್ಮನ್ನು ಅಪರಾಧಿಯೆಂದು ಕರೆದುಕೊಳ್ಳಲಿಲ್ಲ.

ಆಕೆ ತಮ್ಮನ್ನು ಅಪರಾಧಿಯೆಂದುಕೊಂಡದ್ದು ಬೇರೆ ವಿಷಯದಲ್ಲಿ. ಯುದ್ಧವು ಮುಗಿದ ಬಳಿಕ ಹಾನ್‌ರಿಗೆ ಬರೆದ ಕಾಗದದಲ್ಲಿ ಅದನ್ನು ಮರೆಮಾಚದೆ ಹೇಳಿದರು: 1933ರಲ್ಲಿಯೇ ಜರ್ಮನಿಯನ್ನು ಬಿಡದೆ ಉಳಿದುದು ಅವಿವೇಕ ಮಾತ್ರವಲ್ಲ, ಅಧರ್ಮ, ಉಳಿದುದರಿಂದ ತಾವು ಹಿಟ್ಲರನ ಆಳ್ವಿಕೆಗೆ ಬಲ ಕೊಟ್ಟಂತಾಯಿತು ಎಂದು.

ಮೊದಲ ನೋಟಕ್ಕೆ ಈ ಮಾತು ಅತಿಯೆನಿಸುತ್ತದೆ. ಪಾಠದ ಹಕ್ಕನ್ನು ಕಳೆದುಕೊಂಡವರು, ಕೊನೆಗೆ ಊರನ್ನೇ ಬಿಟ್ಟು ಓಡಬೇಕಾದವರು ಅಪರಾಧಿಯಾಗುವುದೆಂತು? ಪೀಡಿತನಿಗೆ ಪೀಡೆಯ ಪಾಪವನ್ನು ಹೊರಿಸಿದಂತೆ ಆಗದೆ? ಆದರೆ ಆ ಐದು ವರ್ಷಗಳನ್ನು ಆಕೆಯ ಕಣ್ಣಿನಿಂದ ನೋಡಬೇಕು. ಜೊತೆಯವರು ಒಬ್ಬೊಬ್ಬರಾಗಿ ಕೆಲಸ ಕಳೆದುಕೊಂಡು ಹೋಗುತ್ತಿದ್ದರು. ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಮಾತ್ರ ಕೆಲಸ ಸಾಗಿದ್ದಿತು. ಕಲ್ಲುಕಲ್ಲಾಗಿ ತಾವು ಕಟ್ಟಿದ ವಿಭಾಗವನ್ನು ಬಿಟ್ಟುಹೋಗಲು ಮನಸ್ಸು ಬರಲಿಲ್ಲ. ಉಳಿಯಬೇಕೆಂದು ಹಿತೈಷಿಗಳೇ ಹೇಳುತ್ತಿದ್ದರು. ಹೊರಗೆ ಅನ್ಯಾಯವು ನಡೆಯುತ್ತಿರಲು ಒಳಗೆ ಉತ್ತಮವಾದ ಕೆಲಸವು ನಡೆಯುತ್ತಿದ್ದರೆ, ಆ ಉತ್ತಮ ಕೆಲಸವೇ ಅನ್ಯಾಯಕ್ಕೆ ಒಂದು ಹೊದಿಕೆಯಾಗುತ್ತದೆ. ಇಂಥ ಸಂಸ್ಥೆಗಳೂ ಇಂಥ ವಿದ್ವಾಂಸರೂ ಇನ್ನೂ ಇಲ್ಲಿರುವರು ಎಂದು ಲೋಕವು ಸಮಾಧಾನ ಪಟ್ಟುಕೊಳ್ಳುತ್ತದೆ. ಕೌರವನ ಸಭೆಯಲ್ಲಿ ಭೀಷ್ಮನು ಸೀರೆಯನ್ನು ಸೆಳೆಯಲಿಲ್ಲ, ಸೆಳೆಯೆಂದು ಹೇಳಲೂ ಇಲ್ಲ. ಅವನು ಅಲ್ಲಿ ಕುಳಿತಿದ್ದನು. ಅವನು ಕುಳಿತಿದ್ದುದರಿಂದಲೇ ಅದು ಇನ್ನೂ ರಾಜಸಭೆಯಂತೆ ಕಾಣುತ್ತಿದ್ದಿತು. ಮೈಟ್ನರ್ ತಮ್ಮ ಮೇಲೆ ಹೊರಿಸಿಕೊಂಡ ಅಪರಾಧವು ಈ ಜಾತಿಯದು. ಹಿರಿಯರ ಪಟ್ಟಿಯ ನಾಲ್ಕನೆಯವನಾದ ಅನುಮೋದಕನು ಯಾವಾಗಲೂ ಬಾಯಿಬಿಟ್ಟು ಹೌದೆನ್ನಬೇಕಾಗಿಲ್ಲವೆಂದು ಆಕೆ ಕಂಡುಕೊಂಡಿದ್ದರು.

ಹೀಗೆ ತಮ್ಮನ್ನು ಅಳೆದುಕೊಳ್ಳಬಲ್ಲವರಾದುದರಿಂದಲೇ ಇನ್ನೊಬ್ಬರನ್ನು ಕೇಳುವ ಹಕ್ಕು ಆಕೆಗಿದ್ದಿತು. 1945ರ ಜೂನ್ ತಿಂಗಳಲ್ಲಿ, ಸೆರೆಯ ಶಿಬಿರಗಳ ವೃತ್ತಾಂತವು ಹೊರಬಿದ್ದ ಮೇಲೆ, ಆಕೆ ಹಾನ್‌ರಿಗೆ ಒಂದು ದೀರ್ಘ ಪತ್ರವನ್ನು ಬರೆದರು. ನೀವೆಲ್ಲರೂ ನಾಜೀ ಜರ್ಮನಿಗಾಗಿ ದುಡಿದಿರಿ. ಕೈಕಟ್ಟಿ ಕುಳಿತು ವಿರೋಧಿಸುವುದಕ್ಕೂ ಪ್ರಯತ್ನಿಸಲಿಲ್ಲ. ಅಲ್ಲೊಬ್ಬ ಇಲ್ಲೊಬ್ಬ ಪೀಡಿತನಿಗೆ ನೆರವಾಗಿ ಮನಸ್ಸಾಕ್ಷಿಯನ್ನು ಸಮಾಧಾನ ಪಡಿಸಿಕೊಂಡಿರಿ. ಲಕ್ಷಾಂತರ ನಿರಪರಾಧಿಗಳನ್ನು ಕೊಲ್ಲುವಾಗ ಬಾಯಿ ತೆರೆಯಲಿಲ್ಲ. ಪತ್ರದ ಸಾರ ಇದು. ಬರೆದ ಕೈಯಲ್ಲಿಯೇ ಹಿಂದೆ ಹಾನ್‌ರ ತಾಯಿಯ ಉಂಗುರವಿದ್ದಿತೆಂಬುದನ್ನು ನೆನೆದರೆ, ಅಲ್ಲೊಬ್ಬ ಇಲ್ಲೊಬ್ಬ ಎಂಬ ಮಾತನ್ನು ಬರೆಯಲು ಆಕೆಗೆ ಎಷ್ಟು ನೋವಾಗಿರಬೇಕೆಂದು ಊಹಿಸಬಹುದು. ನೆರವು ಪಡೆದ ಪೀಡಿತರಲ್ಲಿ ತಾವೂ ಒಬ್ಬರು. ಉಪಕಾರದ ಋಣವೇ ಬೇರೆ, ನ್ಯಾಯದ ಲೆಕ್ಕವೇ ಬೇರೆಯೆಂದು ಆಕೆ ಬಗೆದರು. ಪತ್ರವು ಹಾನ್‌ರಿಗೆ ತಲಪಲಿಲ್ಲ.

ಹಾನ್‌ರಿಗೂ ಅನ್ಯಾಯವಾಗಬಾರದು. ಅವರು ಹಿಟ್ಲರನ ಪಕ್ಷಕ್ಕೆ ಎಂದೂ ಸೇರಲಿಲ್ಲ. ತಮಗೆ ಗೊತ್ತಿದ್ದವರಿಗೆ ಕೈಲಾದ ಸಹಾಯ ಮಾಡಿದರು. ಆದರೆ ಅವರ ಮನಸ್ಸು ಚುಚ್ಚಿಕೊಂಡದ್ದು ತಾವು ಅರಿತದ್ದರ ಬಗೆಗೆ. ಸುಮ್ಮನಿದ್ದುದರ ಬಗೆಗೆ ಮೈಟ್ನರ್ ಎದುರುನೋಡಿದ ಮಾತು ಅವರಿಂದ ಬರಲಿಲ್ಲ. ಆ ಸ್ಥಳದಲ್ಲಿ, ಆ ಕಾಲದಲ್ಲಿ, ಮತ್ತಾವ ರೀತಿಯೂ ಸಾಧ್ಯವಿರಲಿಲ್ಲವೆನ್ನುವವರಿಗೆ ಉತ್ತರವಾಗಿ ಅದೇ ಪ್ರಯೋಗಶಾಲೆಯ ಮೂರನೆಯವರು ಇದ್ದಾರೆ. ಸ್ಟ್ರಾಸ್‌ಮನ್ ಆಳುವ ಪಕ್ಷದ ಹಿಡಿತದಲ್ಲಿದ್ದ ಸಂಘದಲ್ಲಿ ಉಳಿಯಲು ಒಪ್ಪದೆ ಒಳ್ಳೆಯ ಉದ್ಯೋಗಗಳನ್ನು ಕಳೆದುಕೊಂಡು ಅರೆಹೊಟ್ಟೆಯಲ್ಲಿ ದುಡಿದವರು. ಯುದ್ಧದ ನಡುವೆ ಒಬ್ಬ ಯೆಹೂದ್ಯ ಮಹಿಳೆಯನ್ನು ತಿಂಗಳುಗಟ್ಟಲೆ ತಮ್ಮ ಮನೆಯಲ್ಲಿ ಅಡಗಿಸಿಟ್ಟವರು. ಸಿಕ್ಕಿಬಿದ್ದಿದ್ದರೆ ಸಂಸಾರಕ್ಕೆ ಸಂಸಾರವೇ ಹೋಗುತ್ತಿದ್ದಿತು. ಕೀರ್ತಿಯ ಹಂಚಿಕೆಯಲ್ಲಿ ಅವರ ಹೆಸರೂ ಹಿಂದೆ ಬಿದ್ದುದು ಆಶ್ಚರ್ಯವಲ್ಲ.

1947ರಲ್ಲಿ ಆ ಸಂಸ್ಥೆಯನ್ನು ಮೈನ್ಸ್ ನಗರದಲ್ಲಿ ಮತ್ತೆ ಕಟ್ಟುತ್ತಿರುವಾಗ, ಭೌತಶಾಸ್ತ್ರದ ವಿಭಾಗಕ್ಕೆ ಮುಖ್ಯಸ್ಥೆಯಾಗಿ ಬರಬೇಕೆಂದು ಸ್ಟ್ರಾಸ್‌ಮನ್ ಮೈಟ್ನರ್‌ರನ್ನು ಕೇಳಿಕೊಂಡರು. ಕೇಳಿದವರಲ್ಲಿ ಆಕೆಗೆ ಪೂರ್ಣ ವಿಶ್ವಾಸವಿದ್ದಿತು. ಆದರೂ ಹೋಗಲಿಲ್ಲ. ಹಾನ್‌ರೊಡನೆ ಸ್ನೇಹವನ್ನು ಮುರಿಯಲೂ ಇಲ್ಲ. ಕಾಗದಗಳು ಬಂದು ಹೋಗುತ್ತಲೇ ಇದ್ದುವು. 1966ರಲ್ಲಿ ಅಮೆರಿಕದ ಫೆರ್ಮಿ ಪ್ರಶಸ್ತಿಯನ್ನು ಮೂವರಿಗೂ ಒಟ್ಟಿಗೆ ಕೊಟ್ಟರು. ಹಾನ್ 1968ರ ಜುಲೈಯಲ್ಲಿ ತೀರಿಕೊಂಡರು. ಮೈಟ್ನರ್ ಆಗ ಕೇಂಬ್ರಿಜ್ಜಿನಲ್ಲಿ ತೀರ ಕೃಶರಾಗಿದ್ದುದರಿಂದ ಮನೆಯವರು ಸುದ್ದಿಯನ್ನು ಆಕೆಗೆ ತಿಳಿಸಲಿಲ್ಲ. ಅದೇ ವರ್ಷ ಅಕ್ಟೋಬರ್ 27ರಂದು ಆಕೆಯೂ ಹೋದರು. ಸಮಾಧಿಯಿರುವುದು ಬರ್ಲಿನ್ನಿನಲ್ಲಲ್ಲ, ವಿಯೆನ್ನಾದಲ್ಲಲ್ಲ. ಇಂಗ್ಲೆಂಡಿನ ಬ್ರ್ಯಾಮ್ಲಿ ಎಂಬ ಹಳ್ಳಿಯ ಇಗರ್ಜಿಯ ಅಂಗಳದಲ್ಲಿ, ತಮ್ಮನ ಪಕ್ಕದಲ್ಲಿ.